ಕುಲಾಂತರಿ ಆಹಾರ: ಪೊಟ್ಟಣದ ಮೇಲೆ ಬರೆಯಬೇಕೆ?

ಪಥ್ಯ ಹೇಳುವಾಗ ಈಚೆಗೆ ಒಂದು ಪ್ರಶ್ನೆ ಮೇಲಿಂದ ಮೇಲೆ ಎದುರಾಗುತ್ತಿದೆ: "ಪೇಟೆಯ ಟೊಮ್ಯಾಟೊ, ಬದನೆಕಾಯಿಗಳೆಲ್ಲ ಕುಲಾಂತರಿಯಂತೆ, ತಿನ್ನಬಹುದೆ?" ಈ ಭಯ ಸಲ್ಲದು. ಒಂದೇ ಬೆಳೆಯ ಎರಡು ತಳಿಗಳನ್ನು ಪರಾಗಸ್ಪರ್ಶದಿಂದ ಕೂಡಿಸಿದರೆ ಅದು ಹೈಬ್ರಿಡ್. ಅನ್ಯ ಜೀವಿಯ ವಂಶವಾಹಿಯನ್ನು ಪ್ರಯೋಗಾಲಯದಲ್ಲಿ ಸಸ್ಯದೊಳಗೆ ಸೇರಿಸಿದರೆ ಕುಲಾಂತರಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಪಾಲ್ಗೊಂಡು ರೂಪಿಸಿದ್ದ ಬಿಟಿ ಬದನೆಗೆ ಕೇಂದ್ರ ಸರ್ಕಾರವು 2010ರ ಫೆಬ್ರುವರಿಯಲ್ಲಿ ತಡೆ ಹಾಕಿತು. ಅನುಮತಿ ಪಡೆದು ನಮ್ಮ ರೈತರ ಹೊಲಗಳಲ್ಲಿ ವ್ಯಾಪಕವಾಗಿ ಬೆಳೆಯುತ್ತಿರುವ ಕುಲಾಂತರಿ ಬೆಳೆ ಹತ್ತಿಯೊಂದೇ. ಅದು 2002ರಲ್ಲಿ ಬಂದಿತು.

ಹತ್ತಿಯನ್ನು ಯಾರು ತಿನ್ನುತ್ತಾರೆ ಎನ್ನಬೇಡಿರಿ. ಅರಳೆ ಬಿಡಿಸಿದ ಮೇಲೆ ಉಳಿಯುವ ಹತ್ತಿಕಾಳು ಗಾಣಕ್ಕೆ ಹೋಗುತ್ತದೆ. ಹಿಂಡಿ ದನಗಳಿಗೆ, ಎಣ್ಣೆ ನಮಗೆ. ಗುಜರಾತಿನಲ್ಲಿ ಇದು ಮನೆಯಡುಗೆಯ ಎಣ್ಣೆ. ನಮ್ಮಲ್ಲಿ ಹೆಚ್ಚಾಗಿ ಕರಿದ ಕುರುಕಲು ತಿಂಡಿಗಳ ಮೂಲಕ ಹೊಟ್ಟೆ ಸೇರುತ್ತದೆ. ನಮ್ಮ ದೇಶದ ಹತ್ತಿ ಬಹುಪಾಲು ಬಿಟಿಯೇ ಆಗಿರುವುದರಿಂದ ಈ ಎಣ್ಣೆಯ ಮೂಲವೂ ಬಹುಪಾಲು ಕುಲಾಂತರಿಯೇ.

ಚರ್ಚೆಯ ಗಂಟು ಇರುವುದು ಇಲ್ಲಿ. ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾದ ವಂಶವಾಹಿಯು ಹತ್ತಿ ಗಿಡದಲ್ಲಿ ಕಾಯಿಕೊರಕ ಹುಳುವಿಗೆ ಮಾರಕವಾದ ಪ್ರೋಟೀನನ್ನು ತಯಾರಿಸುತ್ತದೆ. ಹತ್ತಿಕಾಳಿನಲ್ಲಿ ಸಹಜವಾಗಿಯೇ ಗಾಸಿಪಾಲ್ ಎಂಬ ವಿಷಾಂಶವಿರುವುದರಿಂದ ಎಣ್ಣೆಯನ್ನು ಶುದ್ಧೀಕರಿಸಲೇಬೇಕು. ಆ ಸಂಸ್ಕಾರದಲ್ಲಿ ಪ್ರೋಟೀನೂ ವಂಶವಾಹಿಯೂ ಬಹುಮಟ್ಟಿಗೆ ಹೊರಟುಹೋಗುತ್ತವೆ. ಪರೀಕ್ಷೆಯಲ್ಲಿ ಕಾಣದ ವಸ್ತುವಿಗೆ ಲೇಬಲ್ ಏಕೆ ಎಂದು ಒಂದು ಪಕ್ಷ ಕೇಳುತ್ತದೆ. ಅಮೆರಿಕವು ತನ್ನ ನಿಯಮ ರೂಪಿಸುವಾಗ ಈ ವಾದವನ್ನೊಪ್ಪಿ ಅಂತಹ ಎಣ್ಣೆಗೆ ವಿನಾಯಿತಿ ನೀಡಿತು. ಯುರೋಪ್ ಒಕ್ಕೂಟವು ಒಪ್ಪಲಿಲ್ಲ. ಕಾಣಲಿ ಬಿಡಲಿ, ಮೂಲ ಕುಲಾಂತರಿಯಾದರೆ ಬರೆಯಬೇಕು, ತಿಳಿಯದೆ ಬೆರೆತ ಅಂಶಕ್ಕೆ ಮಾತ್ರ ಶೇ. 0.9ರವರೆಗೆ ರಿಯಾಯಿತಿ ಎಂದಿತು. ಆದರೆ ಕುಲಾಂತರಿ ಮೇವು ತಿಂದ ಹಸುವಿನ ಹಾಲಿಗೆ ಅಲ್ಲಿಯೂ ಲೇಬಲ್ ಬೇಕಿಲ್ಲ!

ನಮ್ಮಲ್ಲಿ ಕುಲಾಂತರಿ ಆಹಾರದ ಪೊಟ್ಟಣದ ಮೇಲ್ಭಾಗದಲ್ಲಿ 'ಜಿಎಂ' ಎಂದು ಮುದ್ರಿಸಬೇಕೆಂಬ ನಿಯಮವು 2013ರ ಜನವರಿ 1ರಿಂದ ಜಾರಿಗೆ ಬಂದಿತು. ಆ ಎರಡಕ್ಷರವಿರುವ ಎಣ್ಣೆಯ ಪೊಟ್ಟಣವನ್ನು ನಾನಂತೂ ಕಂಡಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರವು 2021ರಲ್ಲಿ ಶೇ. 1ರ ಮಿತಿಯೊಡನೆ ಮತ್ತೊಂದು ಕರಡನ್ನು ಹೊರಡಿಸಿತು.

ಲೇಬಲ್ ಹಾಕಿದರೆ ಜನ ಹೆದರುತ್ತಾರೆ, ಬೆಳೆಗಳನ್ನು ಬೇರ್ಪಡಿಸುವ ಖರ್ಚು ಹೆಚ್ಚುತ್ತದೆ ಎಂಬ ಆಕ್ಷೇಪವುಂಟು. ಹತ್ತಿ ಬಹುಪಾಲು ಒಂದೇ ಬಗೆಯದಾಗಿರುವಾಗ ಬೇರ್ಪಡಿಸುವುದಾದರೂ ಏನನ್ನು? ಈ ಎಣ್ಣೆಯಿಂದ ಇಂತಹ ರೋಗವೇ ಬರುತ್ತದೆಂದು ನಾನು ಹೇಳಲಾರೆ. ಹಾಗೆ ಹೇಳುವ ಮೊಬೈಲ್ ಸಂದೇಶಗಳನ್ನು ನಂಬಲೂ ಬೇಡಿರಿ. ಆದರೆ ಲೇಬಲ್ ಎಂಬುದು ವಿಷದ ಎಚ್ಚರಿಕೆಯಲ್ಲ, ಮೂಲದ ಪರಿಚಯ.

ಚರಕಸಂಹಿತೆಯ ವಿಮಾನಸ್ಥಾನದ ಮೊದಲ ಅಧ್ಯಾಯದಲ್ಲಿ ಆಹಾರವನ್ನು ಅಳೆಯುವ ಎಂಟು ಸಂಗತಿಗಳುಂಟು. ಅವುಗಳಲ್ಲಿ ಪ್ರಕೃತಿ ಎಂದರೆ ದ್ರವ್ಯದ ಸ್ವಭಾವ, ಕರಣ ಎಂದರೆ ಅದಕ್ಕೆ ನೀಡಿದ ಸಂಸ್ಕಾರ, ದೇಶ ಎಂದರೆ ಅದು ಬೆಳೆದ ನೆಲ. ಚರಕರು ವಂಶವಾಹಿಯನ್ನು ಕಂಡವರಲ್ಲ; ಅವರ ಬಾಯಿಂದ ಕುಲಾಂತರಿಯ ಪರವಾಗಿಯೋ ವಿರುದ್ಧವಾಗಿಯೋ ನುಡಿಸುವುದು ತರವಲ್ಲ. ಆದರೆ ಆ ಮೂರನ್ನೂ ಅರಿಯದೆ ವೈದ್ಯನು ಪಥ್ಯವನ್ನು ಹೇಗೆ ಹೇಳಬೇಕು?

ನಿಯಮ ಗಟ್ಟಿಯಾಗುವವರೆಗೆ, ತಾಯಂದಿರೂ ದಾಸೋಹದ ಉಗ್ರಾಣ ನೋಡಿಕೊಳ್ಳುವವರೂ ಪೊಟ್ಟಣದ ಹಿಂಬದಿಯ ಸಣ್ಣಕ್ಷರಗಳನ್ನು ಓದುವುದೊಂದೇ ದಾರಿ. 'ಖಾದ್ಯ ಎಣ್ಣೆ' ಎಂಬುದರ ಮುಂದೆ ಹತ್ತಿಬೀಜದ ಹೆಸರಿದ್ದರೆ ಅದರ ಮೂಲ ಯಾವುದೆಂದು ಈಗ ತಿಳಿಯಿತಷ್ಟೆ. ಬೇಡವೆನಿಸಿದವರಿಗೆ ನಮ್ಮ ನೆಲದ ಕುಸುಬೆ, ಶೇಂಗಾ ಎಣ್ಣೆಗಳಿವೆ. ಅವುಗಳಲ್ಲಿ ಕುಲಾಂತರಿ ಬೆಳೆ ನಮ್ಮ ಹೊಲಕ್ಕೆ ಇನ್ನೂ ಬಂದಿಲ್ಲ.