ವೈದ್ಯ ಪರೀಕ್ಷೆಯೂ ಮೂಲಸಂಗತಿಗಳ ಮನನವೂ

ವೈದ್ಯಶಾಸ್ತ್ರದ ವಿದ್ಯಾರ್ಥಿಗೆ ಪರೀಕ್ಷೆಯ ಕಾಲದಲ್ಲಿ ಎದುರಾಗುವ ಮೊದಲ ಕಷ್ಟವೆಂದರೆ ಸಂಗತಿಗಳ ರಾಶಿ. ಸಾಮಾನ್ಯ ವೈದ್ಯಶಾಸ್ತ್ರವೊಂದರಲ್ಲಿಯೇ ನೂರಾರು ರೋಗಗಳು, ಅವುಗಳ ಲಕ್ಷಣಗಳು, ತಪಾಸಣೆಗಳು, ಔಷಧಗಳು ಅಡಕವಾಗಿವೆ. ಇವೆಲ್ಲವನ್ನೂ ಬಾಯಿಪಾಠ ಮಾಡಿದವನು ಉತ್ತೀರ್ಣನಾಗಬಹುದು. ಆದರೆ ಕಾರಣವನ್ನು ಅರಿತು ಮನನ ಮಾಡಿದವನ ಜ್ಞಾನವು ಪರೀಕ್ಷೆಯ ತರುವಾಯವೂ ಉಳಿದು ರೋಗಿಗೆ ಒದಗುತ್ತದೆ.

ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ತಾಲೂಕುಗಳ ಮಕ್ಕಳಿಗೆ ಈ ವಿದ್ಯೆ ಒಂದು ಕಾಲಕ್ಕೆ ಬಲು ದೂರದ್ದಾಗಿತ್ತು. 1957ರಲ್ಲಿ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಮಹಾವಿದ್ಯಾಲಯವು ಆರಂಭವಾಗಿ ಅದು ಹತ್ತಿರವಾಯಿತು. 1997ರಲ್ಲಿ ರೂಪುಗೊಂಡ ಹಾವೇರಿ ಜಿಲ್ಲೆಗೆ 2022ರಲ್ಲಿ ತನ್ನದೇ ವೈದ್ಯಕೀಯ ವಿಜ್ಞಾನ ಸಂಸ್ಥೆ ದೊರೆಯಿತು. ಈ ಸೀಮೆಯ ಹೊಲಮನೆಗಳಿಂದ ಆಸ್ಪತ್ರೆಗೆ ಬರುವ ಮೂರು ತೊಂದರೆಗಳನ್ನು ನೋಡಿದರೆ ಮನನದ ಕ್ರಮವು ಸ್ಪಷ್ಟವಾಗುವುದು.

ಮೊದಲನೆಯದು ಹಾವಿನ ಕಡಿತ. ಭತ್ತದ ಗದ್ದೆ, ಗೋವಿನಜೋಳದ ಹೊಲಗಳಲ್ಲಿ ದುಡಿಯುವವರಿಗೆ ಈ ಭಯ ತಪ್ಪಿದ್ದಲ್ಲ. ನಾಗರಹಾವು ಮತ್ತು ಕಟ್ಟುಹಾವುಗಳ ವಿಷವು ನರಗಳಿಂದ ಸ್ನಾಯುಗಳಿಗೆ ಹೋಗುವ ಆಜ್ಞೆಯನ್ನು ತಡೆಯುತ್ತದೆ. ಆದುದರಿಂದ ರೆಪ್ಪೆ ಜೋತು ಬೀಳುತ್ತದೆ, ಕೊನೆಗೆ ಉಸಿರು ನಿಲ್ಲುತ್ತದೆ. ಮಂಡಲದ ಹಾವುಗಳ ವಿಷವು ರಕ್ತದ ಹೆಪ್ಪುಗಟ್ಟುವ ಗುಣವನ್ನು ಕೆಡಿಸುತ್ತದೆ. ಶುಚಿಯಾದ, ಒಣಗಿದ ಗಾಜಿನ ನಳಿಕೆಯಲ್ಲಿ ರೋಗಿಯ ರಕ್ತವನ್ನು 20 ನಿಮಿಷ ಅಲುಗಿಸದೆ ಇಟ್ಟು ಬಾಗಿಸಿ ನೋಡಿದಾಗ ಅದು ಹರಿದರೆ ವಿಷ ಏರಿದೆಯೆಂದು ತಿಳಿಯಬೇಕು. ಮಗುವಿಗೂ ದೊಡ್ಡವರಷ್ಟೇ ಪ್ರತಿವಿಷ ಏಕೆಂದು ಪರೀಕ್ಷಕರು ಕೇಳುವುದುಂಟು. ಹಾವು ಕಚ್ಚುವಾಗ ದೇಹದ ತೂಕ ನೋಡಿ ವಿಷ ಬಿಡುವುದಿಲ್ಲ. ತಟಸ್ಥಗೊಳಿಸಬೇಕಾದುದು ಆ ವಿಷವನ್ನು. ಈ ಕಾರಣ ತಿಳಿದವನಿಗೆ ಉತ್ತರ ಮರೆಯುವುದಿಲ್ಲ.

ಎರಡನೆಯದು ರೈತರು ‘ಎಣ್ಣೆ’ಯೆಂದು ಕರೆಯುವ ಕ್ರಿಮಿನಾಶಕದ ವಿಷಬಾಧೆ. ಆರ್ಗನೋಫಾಸ್ಫೇಟ್ ವರ್ಗದ ವಿಷವು ಅಸಿಟೈಲ್‌ಕೋಲಿನ್ ಎಂಬ ದ್ರವ್ಯವನ್ನು ಒಡೆಯುವ ಕಿಣ್ವವನ್ನು ಕಟ್ಟಿಹಾಕುತ್ತದೆ; ದ್ರವ್ಯವು ನರಗಳ ತುದಿಯಲ್ಲಿ ಸಂಗ್ರಹವಾಗುತ್ತದೆ. ಕಣ್ಣಿನ ಪಾಪೆ ಕಿರಿದಾಗುವುದು, ಜೊಲ್ಲು, ಬೆವರು, ಭೇದಿ, ನಿಧಾನಗೊಂಡ ನಾಡಿ, ಎದೆಯಲ್ಲಿ ತುಂಬುವ ದ್ರವ ಇವೆಲ್ಲ ಆ ಒಂದೇ ಕಾರಣದ ಫಲಗಳು. ಅಟ್ರೋಪಿನ್ ಸಾಕಾಯಿತೆಂಬುದನ್ನು ಪಾಪೆ ಹಿಗ್ಗಿದುದರಿಂದ ನಿರ್ಣಯಿಸುವುದು ತಪ್ಪು. ಎದೆಯ ಗೊರಗೊರ ಶಬ್ದ ಅಡಗಿ, ನಾಡಿ ಮತ್ತು ರಕ್ತದೊತ್ತಡ ಸುಧಾರಿಸಿದವೇ ಎಂದು ನೋಡಬೇಕು. ಏಕೆಂದರೆ ರೋಗಿಯ ಪ್ರಾಣ ಹೋಗುವುದು ಉಸಿರಾಟ ಕೆಟ್ಟು.

ಮೂರನೆಯದು ಸದ್ದಿಲ್ಲದೆ ಬರುವ ರಕ್ತಹೀನತೆ. ಕಬ್ಬಿಣಾಂಶ ಕಡಿಮೆಯಾದರೆ ಕೆಂಪು ರಕ್ತಕಣಗಳು ಚಿಕ್ಕವಾಗುತ್ತವೆ; ಬಿ-12 ಜೀವಸತ್ವ ಅಥವಾ ಫೋಲಿಕ್ ಆಮ್ಲ ಕಡಿಮೆಯಾದರೆ ದೊಡ್ಡವಾಗುತ್ತವೆ. ಬಿ-12 ಪ್ರಾಣಿಜನ್ಯ ಆಹಾರದಲ್ಲಿ ಮಾತ್ರ ಸಹಜವಾಗಿ ದೊರೆಯುವುದರಿಂದ, ಹಾಲು ಮೊಸರುಗಳನ್ನೂ ಸಾಕಷ್ಟು ಕಾಣದ ಸಸ್ಯಾಹಾರಿ ಮನೆಗಳಲ್ಲಿ ಅದರ ಕೊರತೆಯನ್ನು ನೆನೆಯಲೇಬೇಕು. ಅಲ್ಲಿ ಫೋಲಿಕ್ ಆಮ್ಲವೊಂದನ್ನೇ ಕೊಟ್ಟರೆ ರಕ್ತ ಸುಧಾರಿಸಿದಂತೆ ತೋರಿ, ಕಾಲುಗಳ ಜೋಮು ಮತ್ತು ನಡಿಗೆಯ ತೊಡಕು ಒಳಗೊಳಗೇ ಬೆಳೆಯುತ್ತವೆ. ಮರೆತ ಒಂದು ಸಂಗತಿಯಿಂದ ಪರೀಕ್ಷಾರ್ಥಿ ಎರಡು ಅಂಕ ಕಳೆದುಕೊಂಡರೆ, ತಾಯಿಯೊಬ್ಬಳು ತನ್ನ ನಡಿಗೆಯನ್ನೇ ಕಳೆದುಕೊಳ್ಳಬಹುದು.

ಇಂಥ ಸಂಗತಿಗಳು ಮನಸ್ಸಿನಲ್ಲಿ ನಿಲ್ಲುವುದು ಹೇಗೆ? ಕಲಿತುದು ಮೊದಲ ದಿನಗಳಲ್ಲಿ ಬೇಗನೆಯೂ ಅನಂತರ ನಿಧಾನವಾಗಿಯೂ ಮರೆಯುತ್ತದೆಂದು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲಿ ತೋರಿಸಿಕೊಟ್ಟನು. ಆದುದರಿಂದ ಪುಸ್ತಕವನ್ನು ಮತ್ತೆ ಮತ್ತೆ ತಿರುವಿಹಾಕುವುದಕ್ಕಿಂತ, ಅದನ್ನು ಮುಚ್ಚಿಟ್ಟು ನೆನಪಿನಿಂದ ಬರೆದು ತಾಳೆ ನೋಡುವುದು ಮೇಲು. ಮರುದಿನ, ವಾರದ ತರುವಾಯ, ತಿಂಗಳ ತರುವಾಯ ಹೀಗೆಯೇ ಮಾಡಬೇಕು. ಸಹಪಾಠಿಗಳಲ್ಲಿ ಒಬ್ಬನು ರೋಗಿಯಂತೆ ಲಕ್ಷಣ ಹೇಳಿ, ಇನ್ನೊಬ್ಬನು ಕಾರಣದೊಡನೆ ಉತ್ತರಿಸುವುದೂ ಒಳ್ಳೆಯ ಅಭ್ಯಾಸವೇ.

12ನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೂ ಒಬ್ಬನು. ವೈದ್ಯವೇ ಅವನ ಕಾಯಕ. ಕಾಯಕವೆಂದ ಮೇಲೆ ಅದರ ಸಿದ್ಧತೆಯೂ ಶುದ್ಧವಾಗಿರಬೇಕು. ನಾಳೆ ಈ ನಾಲ್ಕು ತಾಲೂಕುಗಳ ಆಸ್ಪತ್ರೆಗಳಲ್ಲಿ ನಿಲ್ಲಲಿರುವ ವಿದ್ಯಾರ್ಥಿಗಳು ಇಂದಿನ ಓದಿನಲ್ಲಿಯೇ ಆ ರೋಗಿಯನ್ನು ಮನಸ್ಸಿನ ಮುಂದೆ ಇಟ್ಟುಕೊಳ್ಳುವುದು ಉಚಿತ.