ಒಂದೆಲಗವನ್ನು ಸರಿಯಾಗಿ ಗುರುತಿಸಿ

ಗದ್ದೆಯ ಬದು, ಅಡಿಕೆ ತೋಟದ ಬಸಿಗಾಲುವೆ, ಕೆರೆಯಂಚಿನ ಜೌಗು ನೆಲ ಮುಂತಾದ ಕಡೆಗಳಲ್ಲಿ ಒಂದೆಲಗ ತಾನಾಗಿಯೇ ಹಬ್ಬುತ್ತದೆ. ಕರಾವಳಿಯಲ್ಲಿ ಇದಕ್ಕೆ ತಿಮರೆ ಎಂಬ ಹೆಸರಿದೆ. ತಂಬುಳಿ, ಚಟ್ನಿಗಳಿಗೆ ಇದನ್ನು ಹಸಿಯಾಗಿಯೇ ಅರೆದು ಬಳಸುವುದು ರೂಢಿ. ಹಸಿಯಾಗಿ ತಿನ್ನುವ ಸೊಪ್ಪನ್ನು ಖಚಿತವಾಗಿ ಗುರುತಿಸಿದ ನಂತರವೇ ಕೀಳಬೇಕು. ಈ ಎಚ್ಚರಿಕೆ ಏಕೆ ಅಗತ್ಯ ಮತ್ತು ಗುರುತಿಸುವ ಕ್ರಮ ಯಾವುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕುಟುಂಬದ ಪರಿಚಯ

ಒಂದೆಲಗವು ಕ್ಯಾರೆಟ್ ಕುಟುಂಬಕ್ಕೆ ಸೇರಿದೆ. ಕೊತ್ತಂಬರಿ, ಜೀರಿಗೆ, ಓಮ, ಸಬ್ಬಸಿಗೆ ಇವೂ ಇದೇ ಕುಟುಂಬದವು. ಕೊಡೆಯ ಕಡ್ಡಿಗಳಂತೆ ಒಂದೇ ಕಡೆಯಿಂದ ಹೊರಡುವ ಹೂತೊಟ್ಟುಗಳು ಮತ್ತು ಬಲಿತಾಗ ಎರಡು ಹೋಳಾಗುವ ಏಣುಳ್ಳ ಕಾಯಿ ಇದರ ಮುಖ್ಯ ಲಕ್ಷಣಗಳು.

ಇದೇ ಕುಟುಂಬದಲ್ಲಿ ಮಾರಕ ವಿಷದ ಗಿಡಗಳೂ ಇವೆ. ಕ್ರಿ.ಪೂ. 399ರಲ್ಲಿ ಗ್ರೀಸಿನ ಸಾಕ್ರೆಟಿಸ್‌ಗೆ ಕುಡಿಸಿದ್ದು ಹೆಮ್‌ಲಾಕ್ ಎಂಬ ಗಿಡದ ವಿಷ. ಉತ್ತರ ಅಮೆರಿಕದ ಜೌಗು ಪ್ರದೇಶಗಳಲ್ಲಿ ಬೆಳೆಯುವ ವಾಟರ್ ಹೆಮ್‌ಲಾಕ್ ಗಿಡದ ಗೆಡ್ಡೆಗೆ ಹಿತವಾದ ವಾಸನೆಯಿದೆ. ತಿನ್ನುವ ಗೆಡ್ಡೆಯೆಂದು ಭ್ರಮಿಸಿ ತಿಂದವರಿಗೆ ಅಲ್ಪಕಾಲದಲ್ಲೇ ಸೆಳೆತ ಬಂದು ಸಾವು ಸಂಭವಿಸಿದೆ. ಬ್ರಿಟನ್ನಿನಲ್ಲಿ ಕಾಲುವೆಯ ಹೂಳೆತ್ತಿದಾಗ ಹೊರಬಿದ್ದ ಇಂತಹುದೇ ಇನ್ನೊಂದು ಗಿಡದ ಗೆಡ್ಡೆಗಳನ್ನು ತಿಂದು ದನಗಳು ಸತ್ತಿವೆ. ಇವು ನಮ್ಮ ಗದ್ದೆಗಳ ಕಳೆಗಳಲ್ಲ. ಆದರೆ ಇವು ಕಲಿಸುವ ಪಾಠ ನಮಗೂ ಅನ್ವಯಿಸುತ್ತದೆ: ವಾಸನೆ ಚೆನ್ನಾಗಿದೆಯೆಂದು ಅಥವಾ ಎಲೆ ಹೋಲುತ್ತದೆಯೆಂದು ನಂಬಬಾರದು. ಹೊರದೇಶದಲ್ಲಿರುವ ನಮ್ಮವರು ಅಲ್ಲಿನ ಹಳ್ಳದಂಚಿನ ಕೊತ್ತಂಬರಿಯಂತಹ ಗಿಡಗಳನ್ನು ಕಿತ್ತು ತಿನ್ನಲೇಬಾರದು.

ಒಂದೆಲಗದ ಗುರುತುಗಳು

1. ಬಳ್ಳಿ ನೆಲಕ್ಕಂಟಿ ಹರಿಯುತ್ತದೆ. ಪ್ರತಿ ಗಿಣ್ಣಿನಲ್ಲಿ ಬೇರು ಬಿಡುತ್ತದೆ. ನೆಟ್ಟಗೆ ನಿಲ್ಲುವ ಕಾಂಡವಿಲ್ಲ.
2. ಗಿಣ್ಣಿನಿಂದ ಏಳುವ ಒಂದೊಂದು ತೊಟ್ಟಿಗೆ ಒಂದೊಂದೇ ಎಲೆ. ಎಲೆ ಮೂತ್ರಪಿಂಡದಾಕಾರ, ಸಾಮಾನ್ಯವಾಗಿ 2ರಿಂದ 5 ಸೆಂ.ಮೀ. ಅಗಲ, ಅಂಚಿನಲ್ಲಿ ದುಂಡು ಹಲ್ಲುಗಳು.
3. ಎಲೆಯ ಬುಡದಲ್ಲಿ ಸೀಳಿದ್ದು, ತೊಟ್ಟು ಅಲ್ಲಿಯೇ ಕೂಡುತ್ತದೆ. ನರಗಳು ಅಲ್ಲಿಂದ ಬೆರಳುಗಳಂತೆ ಹರಡುತ್ತವೆ.
4. ಹೂ ಅತಿ ಸಣ್ಣದು, ನಸುಗೆಂಪು. ಎಲೆಗಳ ಕೆಳಗೆ ನೆಲದ ಬಳಿ ಎರಡು ಮೂರು ಒಟ್ಟಿಗಿರುತ್ತವೆ. ಕಾಯಿ ಚಪ್ಪಟೆ, ಏಣುಳ್ಳದ್ದು.

ನಾಲ್ಕೂ ಕೂಡಿಬಂದರೆ ಮಾತ್ರ ಒಂದೆಲಗವೆಂದು ನಿರ್ಧರಿಸಿ. ಹೂ ಕಾಣದಿದ್ದರೆ ಕಾಯುವುದು ಒಳಿತು.

ಹೋಲುವ ಗಿಡಗಳು

ಇಲಿಕಿವಿ ಸೊಪ್ಪು ಕೂಡ ನೆಲಕ್ಕಂಟಿ ಹಬ್ಬಿ ಗಿಣ್ಣಿನಲ್ಲಿ ಬೇರು ಬಿಡುತ್ತದೆ. ಆದರೆ ಅದರ ಹೂ ಹಳದಿ, ಆಲಿಕೆಯಾಕಾರ; ಅದು ಗೆಣಸಿನ ಕುಟುಂಬದ್ದು. ಕೊಳಗಳ ಅಲಂಕಾರಕ್ಕೆ ಬೆಳೆಸುವ ನಾಣ್ಯದೆಲೆಯ ಗಿಡದಲ್ಲಿ ತೊಟ್ಟು ಎಲೆಯ ನಡುವಿಗೆ, ಕೊಡೆಯ ಹಿಡಿಯಂತೆ, ಕೂಡಿರುತ್ತದೆ, ಬುಡದಲ್ಲಿ ಸೀಳಿಲ್ಲ. ನೀರುಬ್ರಾಹ್ಮಿಗೂ ಒಂದೆಲಗಕ್ಕೂ ಬ್ರಾಹ್ಮಿಯೆಂಬ ಹೆಸರು ಬಳಕೆಯಲ್ಲಿರುವುದರಿಂದ ಗೊಂದಲ ಹೆಚ್ಚು. ನೀರುಬ್ರಾಹ್ಮಿಯ ಎಲೆ ಚಿಕ್ಕದು, ದಪ್ಪ, ತೊಟ್ಟಿಲ್ಲದ್ದು. ಕಾಂಡದ ಮೇಲೆ ಎದುರುಬದುರಾಗಿ ಜೋಡಿಯಾಗಿರುತ್ತದೆ. ಔಷಧಿಗೆಂದು ಕೊಳ್ಳುವಾಗ ಹೆಸರನ್ನಷ್ಟೇ ಕೇಳದೆ ಗಿಡವನ್ನು ನೋಡಿ ಕೊಳ್ಳಿ.

ಕೀಳುವ ಸ್ಥಳ

ಸರಿಯಾದ ಗಿಡವೇ ಆದರೂ ಸ್ಥಳ ಕೆಟ್ಟದಾಗಿದ್ದರೆ ಅಪಾಯವಿದೆ. ಊರಿನ ಕೊಳಚೆ ಹರಿಯುವಲ್ಲಿ, ಔಷಧಿ ಸಿಂಪಡಿಸಿದ ಗದ್ದೆಯ ಬದುವಿನಲ್ಲಿ ಕೀಳಬೇಡಿ. ದನ, ಕುರಿಗಳು ಮೇಯುವ ಜೌಗಿನಲ್ಲಿ ಯಕೃತ್ತಿನ ಚಪ್ಪಟೆಹುಳುವಿನ ಮರಿಗಳು ಬಸವನಹುಳುವಿನಿಂದ ಹೊರಬಂದು ನೀರಿನಲ್ಲಿರುವ ಸೊಪ್ಪಿಗೆ ಅಂಟಿಕೊಳ್ಳುತ್ತವೆ. ಬರಿಯ ನೀರಿನಲ್ಲಿ ತೊಳೆದರೆ ಇವು ಪೂರ್ಣ ಹೋಗುವುದಿಲ್ಲ. ಅಂತಹ ಕಡೆಯ ಸೊಪ್ಪನ್ನು ಹಸಿಯಾಗಿ ಬಳಸಬಾರದು.

ಮನೆಯಲ್ಲೇ ಬೆಳೆಯಿರಿ

ಒಮ್ಮೆ ಖಚಿತವಾಗಿ ಗುರುತಿಸಿದ ಬಳ್ಳಿಯಿಂದ ಬೇರುಳ್ಳ ಎರಡು ಮೂರು ಗಿಣ್ಣಿನ ತುಂಡುಗಳನ್ನು ತಂದು, ಬಾವಿಕಟ್ಟೆಯ ಬಳಿ ಅರೆನೆರಳಿನಲ್ಲಿ ಅಥವಾ ಕುಂಡದಲ್ಲಿ ನೆಡಿ. ಕೊಟ್ಟಿಗೆ ಗೊಬ್ಬರ ಬೆರೆಸಿದ ಮಣ್ಣು ಸದಾ ತೇವವಾಗಿರಲಿ. ಮಕ್ಕಳಿಗೆ ಗುರುತು ಕಲಿಸಲು ಈ ಗಿಡವೇ ಮಾದರಿಯಾಗುತ್ತದೆ.

ಗುರುತಿಲ್ಲದ ಗಿಡ ತಿಂದು ವಾಂತಿ, ಹೊಟ್ಟೆನೋವು, ಸೆಳೆತ ಕಂಡುಬಂದರೆ ಮನೆಮದ್ದಿನಲ್ಲಿ ಕಾಲ ಕಳೆಯಬೇಡಿ. ಬಲವಂತದಿಂದ ವಾಂತಿ ಮಾಡಿಸಬೇಡಿ. ಉಳಿದ ಗಿಡವನ್ನು ಬೇರುಸಹಿತ ಜೊತೆಗೆ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಿ.