ಮೈಗೆ ಒಗ್ಗುವ ಪಟ್ಟು ಯಾವುದು?

ಸಂಜೆ ಐದೂವರೆ ಹೊತ್ತಿಗೆ ಮೈಸೂರಿನ ನಗರ ಬಸ್ ನಿಲ್ದಾಣದಲ್ಲಿ ಐದು ನಿಮಿಷ ನಿಂತರೆ ಸಾಕು. ಬಿಳಿ ಅಂಗಿ, ಬಿಳಿ ಪೈಜಾಮ ತೊಟ್ಟು ಸೊಂಟಕ್ಕೆ ಹಳದಿಯೋ ಹಸಿರೋ ಪಟ್ಟಿ ಬಿಗಿದ ಹುಡುಗ ಹುಡುಗಿಯರು ಕಣ್ಣಿಗೆ ಬೀಳುತ್ತಾರೆ. ಕರಾಟೆ ಕ್ಲಾಸಿಗೆ ಹೊರಟ ಸವಾರಿ! ಸೇರಿಸಿದ ಮೊದಲ ವಾರ ಮನೆ ತುಂಬ ಒದೆತ, ಗುದ್ದು, ಕೂಗಾಟ. ದಿಂಬು ಹರಿದು ಹತ್ತಿ ಆಚೆಗೆ. ಮೂರು ತಿಂಗಳು ಕಳೆಯುವಷ್ಟರಲ್ಲಿ ಅಂಗಿ ಬೀರುವಿನ ತಳ ಸೇರಿರುತ್ತೆ. ಪೈಜಾಮ ಮಾತ್ರ ರಾತ್ರಿ ಮಲಗೋಕೆ ಉಪಯೋಗಕ್ಕೆ ಬರುತ್ತೆ.

ಹುಡುಗ ಸೋಮಾರಿ ಅನ್ನೋದು ಅಪ್ಪನ ತೀರ್ಪು. ಮೇಷ್ಟ್ರು ಸರಿಯಿಲ್ಲ ಅನ್ನೋದು ಅಮ್ಮನ ತೀರ್ಪು. ಆ ವಿದ್ಯೆ ಆ ಮೈಗೆ ಒಗ್ಗಲಿಲ್ಲ ಎಂಬ ಮೂರನೆಯ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಚಪ್ಪಲಿ ಕೊಳ್ಳುವಾಗ ನಾಲ್ಕು ಜೊತೆ ಕಾಲಿಗೆ ಹಾಕಿ ನಡೆದು ನೋಡುವ ಜನ, ಕೈಕಾಲು ಮುರಿಯಬಲ್ಲ ವಿದ್ಯೆಯನ್ನು ಮಾತ್ರ ‘ಮನೆ ಹತ್ತಿರಾನೇ ಇದೆ, ಸೇರಿಸಿಬಿಡೋಣ’ ಎಂದು ಒಂದೇ ಮಾತಿಗೆ ಮುಗಿಸಿಬಿಡುತ್ತಾರೆ.

ಈ ಊರಿಗೆ ಇದು ತಿಳಿಯದ ಸಂಗತಿಯೇನಲ್ಲ. ದಸರಾ ಕುಸ್ತಿಗೆ ಮುಂಚೆ ‘ಜೋಡಿ ಕಟ್ಟುವ’ ಕಾರ್ಯಕ್ರಮ ನಡೆಯುತ್ತದಲ್ಲ, ಅಲ್ಲಿ ಮಾಡುವುದೇನು? ವಯಸ್ಸು ನೋಡಿ, ತೂಕ ನೋಡಿ, ಕಸುಬು ನೋಡಿ, ಸಮಕ್ಕೆ ಸಮ ಎನಿಸಿದ ಮೇಲೆಯೇ ಇಬ್ಬರು ಪೈಲ್ವಾನರ ಕೈಗೆ ಕೈ ಸೇರಿಸುವುದು. ನಂಜನಗೂಡಿನ ಎಳೆ ಹುಡುಗನನ್ನು ಬೆಳಗಾವಿ ಕಡೆಯ ಪಳಗಿದ ಪೈಲ್ವಾನನ ಎದುರು ನಿಲ್ಲಿಸುವ ಮೂರ್ಖತನ ಯಾವ ಉಸ್ತಾದರೂ ಮಾಡುವುದಿಲ್ಲ. ಒಂದು ದಿನದ ಕುಸ್ತಿಗೇ ಇಷ್ಟು ಅಳತೆಯಿದ್ದರೆ, ವರ್ಷಗಟ್ಟಲೆ ಕಲಿಯುವ ವಿದ್ಯೆಗೆ ಎಷ್ಟಿರಬೇಕು?

ಡ್ರ್ಯಾಗನ್ ಹಚ್ಚಿದ ಹುಚ್ಚು

1973ರಲ್ಲಿ ಬ್ರೂಸ್ ಲೀಯ ‘ಎಂಟರ್ ದಿ ಡ್ರ್ಯಾಗನ್’ ತೆರೆಗೆ ಬಂದದ್ದೇ ಬಂದದ್ದು, ಊರೂರಿನ ಹುಡುಗರೆಲ್ಲ ಅಂಗಿ ಬಿಚ್ಚಿ ಕನ್ನಡಿ ಮುಂದೆ ನಿಂತರು. ಕ್ಷೌರದಂಗಡಿಯಲ್ಲಿ ಪಟ, ನೋಟ್ ಪುಸ್ತಕದ ರಟ್ಟಿನ ಮೇಲೆ ಪಟ. ಆ ಪಟ ನೋಡಿ ಕರಾಟೆಗೆ ಸೇರಿದವರೆಷ್ಟೋ. ಆದರೆ ಲೀ ಸಾಹೇಬರು ಹಾಂಗ್‌ಕಾಂಗಿನಲ್ಲಿ ಹುಡುಗರಾಗಿದ್ದಾಗ ಕಲಿತದ್ದು ಕರಾಟೆಯಲ್ಲ ಸ್ವಾಮಿ, ವಿಂಗ್ ಚುನ್ ಎಂಬ ಚೀನೀ ವಿದ್ಯೆ! ಕರಾಟೆ ಜಪಾನಿನ ಒಕಿನಾವಾ ದ್ವೀಪದ್ದು. ಆ ವಿಂಗ್ ಚುನ್ ಸಹ ತಮಗೆ ಪೂರ್ತಿ ಸಾಲದು ಎನಿಸಿದಾಗ, 1967ರಲ್ಲಿ ಅವರು ತಮ್ಮದೇ ದಾರಿಗೆ ‘ಜೀತ್ ಕುನೆ ದೋ’ ಎಂದು ಹೆಸರಿಟ್ಟುಕೊಂಡರು. ಪಟ ಅಂಟಿಸಿಕೊಂಡವರಿಗೆ ಈ ಕಥೆ ಬೇಕಾಗಿರಲಿಲ್ಲ.

ನಮ್ಮಲ್ಲಿ ಶಂಕರ್‌ನಾಗ್ ‘ಕರಾಟೆ ಕಿಂಗ್’ ಆದರು. ಅವರು 1990ರಲ್ಲಿ ತೀರಿಕೊಂಡರೂ ಆಟೋಗಳ ಬೆನ್ನ ಮೇಲೆ ಆ ಬಿರುದು ಇನ್ನೂ ಓಡಾಡುತ್ತಿದೆ. ಹೀಗಾಗಿ ಕೈಕಾಲು ಆಡಿಸುವ ಪರದೇಶದ ವಿದ್ಯೆಗಳಿಗೆಲ್ಲ ಜನ ಇಟ್ಟ ಹೆಸರು ಒಂದೇ, ಕರಾಟೆ.

ಉದ್ದನೆಯವನಿಗೆ ಒಂದು, ಗಿಡ್ಡನಿಗೆ ಇನ್ನೊಂದು

ಕರಾಟೆ ಎಂದರೂ ಒಂದೇ ಅಲ್ಲ. ಶೊಟೊಕಾನ್ ಶೈಲಿಯಲ್ಲಿ ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ತಗ್ಗಿ ನಿಲ್ಲಬೇಕು. ಮಂಡಿ ನೋವಿನವನಿಗೆ ಅದು ದಿನವೂ ಶಿಕ್ಷೆ. ಗೋಜು ರ್ಯುನಲ್ಲಿ ನಿಲುವು ಅಷ್ಟು ಅಗಲವಿಲ್ಲ. ಎದುರಾಳಿಯ ಮೈಗೆ ಮೈ ಹತ್ತಿರವಿಟ್ಟು ಕೆಲಸ, ಉಸಿರಾಟಕ್ಕೆ ಮಹತ್ವ. ಗಿಡ್ಡಗೆ ಗಟ್ಟಿಯಾಗಿರುವವರಿಗೆ ಇದು ಬೇಗ ಕೂಡಿಬರುತ್ತೆ. ಕ್ಯೊಕುಶಿನ್ ಎಂದರೆ ಮೈಗೆ ಪೂರ್ತಿ ಏಟು ಬೀಳುವ ಶೈಲಿ. ಎಲ್ಲರ ಮನಸ್ಸಿಗೂ ಹಿಡಿಸುವಂಥದ್ದಲ್ಲ. ಬೋರ್ಡಿನ ಮೇಲೆ ‘ಕರಾಟೆ’ ಎಂದಷ್ಟೇ ಇದ್ದರೆ ಯಾವ ಶೈಲಿ ಎಂದು ಒಂದು ಮಾತು ಕೇಳುವುದರಲ್ಲಿ ತಪ್ಪೇನಿಲ್ಲ.

ಟೇಕ್ವಾಂಡೋ ಕೊರಿಯಾದ್ದು. 2000ದ ಸಿಡ್ನಿಯಿಂದ ಒಲಿಂಪಿಕ್ಸ್ ಪದಕದ ಪಟ್ಟಿಯಲ್ಲಿದೆ. ಇದು ಕಾಲಿನ ಆಟ. ಪಂದ್ಯದಲ್ಲಿ ಗುದ್ದಿಗೆ 1 ಅಂಕವಾದರೆ ಎದೆಗೆ ಬಿದ್ದ ಒದೆತಕ್ಕೆ 2, ತಲೆಗೆ ಬಿದ್ದದ್ದಕ್ಕೆ 3. ಉದ್ದ ಕಾಲಿನ, ಹಗುರ ಮೈಯ, ಒಂದು ಕಡೆ ಕೂರಲಾಗದ ಹುಡುಗ ಹುಡುಗಿಯರಿಗೆ ಹೇಳಿ ಮಾಡಿಸಿದಂತಿದೆ. ದಪ್ಪಗಿರುವ ಹುಡುಗನನ್ನು ಅಲ್ಲಿಗೆ ಸೇರಿಸಿ ‘ಕಾಲು ಎತ್ತೋ, ಇನ್ನೂ ಎತ್ತೋ’ ಎಂದು ನಾಲ್ಕು ಜನರ ಮುಂದೆ ಕೂಗುವುದು ಅನ್ಯಾಯ. ಅವನನ್ನು ಜೂಡೋಗೆ ಸೇರಿಸಿದ್ದರೆ ಅದೇ ತೂಕ ಆಸ್ತಿಯಾಗುತ್ತಿತ್ತು.

ಜೂಡೋ ಶುರುವಾದದ್ದು 1882ರಲ್ಲಿ, ಜಪಾನಿನ ಜಿಗೊರೊ ಕಾನೊ ಎಂಬ ಮೇಷ್ಟ್ರ ಕೈಯಲ್ಲಿ. ಹಿಡಿಯುವುದು, ಆಯ ತಪ್ಪಿಸುವುದು, ಎತ್ತಿ ಹಾಕುವುದು. ಆದರೆ ಮೊದಲು ಕಲಿಸುವುದು ಬೀಳೋದನ್ನ! ತಲೆ ನೆಲಕ್ಕೆ ತಾಗದಂತೆ, ಮಣಿಕಟ್ಟು ಊರದಂತೆ ಬೀಳುವ ಅಭ್ಯಾಸ. ಕಾಲುಜಾರಿ ಬೀಳುವ ಬಚ್ಚಲಿನಲ್ಲಿ, ಮಳೆಗಾಲದ ರಸ್ತೆಯಲ್ಲಿ ಈ ಒಂದು ವಿದ್ಯೆ ಉಪಯೋಗಕ್ಕೆ ಬರುವಷ್ಟು ಇನ್ನಾವ ಒದೆತವೂ ಬರಲಾರದು. ಒಂದೇ ಷರತ್ತು: ಕೆಳಗೆ ದಪ್ಪ ಮ್ಯಾಟ್ ಇರಬೇಕು. ಸಿಮೆಂಟ್ ನೆಲದ ಮೇಲೆ ಜಮಖಾನ ಹಾಸಿ ಜೂಡೋ ಹೇಳಿಕೊಡ್ತೀವಿ ಅನ್ನುವವರಿಗೆ ದೂರದಿಂದಲೇ ನಮಸ್ಕಾರ ಹಾಕುವುದು ಕ್ಷೇಮ.

ಕೇರಳದ ಕಳರಿಪಯಟ್ಟಿಗೆ ಬೇಕಾದದ್ದು ಬಳುಕುವ ಮೈ, ವರ್ಷಗಟ್ಟಲೆ ತಾಳ್ಮೆ. ಮೂರು ತಿಂಗಳ ಲೆಕ್ಕದವರಿಗೆ ಅದು ಅಲ್ಲವೇ ಅಲ್ಲ.

ಇನ್ನು ವಿಜಯದಶಮಿಯಂದು ಅರಮನೆ ಆವರಣದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ. ತಲೆ ಬೋಳಿಸಿಕೊಂಡ ಜೆಟ್ಟಿಗಳು, ಕೈಯಲ್ಲಿ ಮುಷ್ಟಿ, ತಲೆಯಿಂದ ರಕ್ತ ಚಿಮ್ಮಿದೊಡನೆ ಮುಕ್ತಾಯ. ಅದು ಜೆಟ್ಟಿ ಮನೆತನಗಳ ಪರಂಪರೆ, ಹರಕೆಯಂಥದ್ದು. ಫೀಸು ಕಟ್ಟಿ ಸೇರುವ ಕ್ಲಾಸಲ್ಲ.

ಅಂಗಡಿ ಗಲ್ಲದಲ್ಲಿ ಕೂತವರಿಗೆ?

ಸಯ್ಯಾಜಿರಾವ್ ರಸ್ತೆಯ ವರ್ತಕರಿಗೂ ಆಸೆ ಇಲ್ಲದಿಲ್ಲ. ನಲವತ್ತೈದು ದಾಟಿದೆ, ಹೊಟ್ಟೆ ಗಲ್ಲಾಪೆಟ್ಟಿಗೆಗೆ ತಾಗುತ್ತಿದೆ, ಡಾಕ್ಟರು ಸಕ್ಕರೆ ಕಾಯಿಲೆ ಅಂದಿದ್ದಾರೆ. ಹುಡುಗರ ಜೊತೆ ನಿಂತು ಮೊದಲ ದಿನವೇ ತಲೆಯೆತ್ತರ ಒದೆಯಲು ಹೋಗಿ ತೊಡೆ ನರ ಹಿಡಿದುಕೊಂಡರೆ ವಾರವೆಲ್ಲ ಸ್ಟೂಲೇ ಗತಿ. ಇಂಥವರು ಡಾಕ್ಟರನ್ನು ಕೇಳಿಕೊಂಡು, ಜೋಡಿಯಾಗಿ ಹೊಡೆದಾಡುವುದನ್ನು ಬಿಟ್ಟು ಕರಾಟೆಯ ‘ಕಾತಾ’ ಮಾತ್ರ ಮಾಡಬಹುದು. ಒಬ್ಬರೇ ನಿಂತು ಒಂದಾದ ಮೇಲೊಂದು ಮಾಡುವ ಚಲನೆಗಳವು. ಮನೆ ತಾರಸಿಯೂ ಸಾಕು. ಚೀನೀಯರ ತೈ ಚಿ ನಿಧಾನದ ವಿದ್ಯೆ, ಮೂಲದಲ್ಲಿ ಅದೂ ಕಾಳಗದ್ದೇ. ಅಂಗಡಿ ಬಾಗಿಲು ಹಾಕುವುದು ರಾತ್ರಿ ಒಂಬತ್ತೂವರೆಗೆ ಎನ್ನುವವರು ಬೆಳಗಿನ ಕ್ಲಾಸನ್ನೇ ಹುಡುಕಬೇಕು. ಎಷ್ಟೇ ಒಳ್ಳೆಯ ವಿದ್ಯೆಯಾದರೂ ಹೋಗಲಾಗದ ಹೊತ್ತಿನದಾದರೆ ಅದು ಒಗ್ಗಿದಂತಲ್ಲ.

ಬಸ್ಸಿನಲ್ಲಿ ಕೈ ಆಡಿಸುವವರಿಗೆ ಮದ್ದು

ಹೆಣ್ಣುಮಕ್ಕಳ ಮಾತು ಬೇರೆ. 2012ರ ಡಿಸೆಂಬರಿನ ದೆಹಲಿ ಬಸ್ ಪ್ರಕರಣದ ನಂತರ ‘ಆತ್ಮರಕ್ಷಣೆ’ ಎಂಬ ಬೋರ್ಡು ಎಲ್ಲೆಲ್ಲೂ ಕಾಣತೊಡಗಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರ ಓಡಾಟವೂ ಹೆಚ್ಚಿದೆ. ಆದರೆ ಸಂಜೆ ಆರರ ನಂಜನಗೂಡು ಬಸ್ಸಿನಲ್ಲಿ, ಒಂದು ಕೈ ಕಂಬಿಗೆ, ಇನ್ನೊಂದು ಕೈ ಚೀಲಕ್ಕೆ ಹೋಗಿರುವಾಗ ಕಾಲೆತ್ತಿ ಒದೆಯೋದು ಎಲ್ಲಿಂದ? ಕಾಲಿಡೋಕೇ ಜಾಗ ಇರೋದಿಲ್ಲ!

ಅಲ್ಲಿ ಬೇಕಾದದ್ದು ನಾಲ್ಕೇ ಸಂಗತಿ. ಓಲಾಡುವ ಬಸ್ಸಿನಲ್ಲಿ ಗಟ್ಟಿಯಾಗಿ ನಿಲ್ಲುವುದು, ಹಿಡಿದ ಮಣಿಕಟ್ಟನ್ನು ಎದುರಾಳಿಯ ಹೆಬ್ಬೆರಳಿನ ಕಡೆಗೆ ತಿರುಗಿಸಿ ಬಿಡಿಸಿಕೊಳ್ಳುವುದು, ಮೊಣಕೈ ಬಳಸುವುದು, ಎಲ್ಲಕ್ಕಿಂತ ಮೊದಲು ಗಂಟಲು ತೆರೆದು ಕೂಗುವುದು. ಕಂಡಕ್ಟರ್ ಬಸ್ ನಿಲ್ಲಿಸುವಂತೆ ಕೂಗಲು ಬಹಳ ಹುಡುಗಿಯರಿಗೆ ಬಾಯಿ ಬರುವುದಿಲ್ಲ. ಕ್ಲಾಸಿನಲ್ಲಿ ಅದನ್ನೂ ಅಭ್ಯಾಸ ಮಾಡಿಸಬೇಕು. ಜೊತೆಗಾರರು ನಿಜವಾಗಿ ಬಿಗಿ ಹಿಡಿದು, ಬಿಡಿಸಿಕೊಳ್ಳುವ ಪಾಠ ಇರುವ ಕಡೆ ಸೇರುವುದು ಲೇಸು. ಎದುರಿನವನ ಕೈಯಲ್ಲಿ ಚಾಕು ಇದ್ದರೆ ಓಡಿಹೋಗಿ, 112ಕ್ಕೆ ಫೋನ್ ಮಾಡಿ ಎನ್ನುವ ಮೇಷ್ಟ್ರು ಸಿಕ್ಕರೆ ಅವರು ಬಲ್ಲವರು. ಚಾಕು ಕಿತ್ತುಕೊಳ್ಳೋದು ಎರಡೇ ವಾರದಲ್ಲಿ ಕಲಿಸ್ತೀನಿ ಅನ್ನುವವರನ್ನು ನಂಬಿದರೆ ಕೆಟ್ಟಿರಿ.

ಬಣ್ಣದ ಲೆಕ್ಕಾಚಾರ

ಸೊಂಟದ ಪಟ್ಟಿಯ ಪದ್ಧತಿ ತಂದವರೂ ಅದೇ ಜೂಡೋ ಮೇಷ್ಟ್ರು ಕಾನೊ. ಕರಾಟೆಯವರು ಅವರಿಂದ ಎರವಲು ಪಡೆದರು. ಫುನಕೋಶಿ ತಮ್ಮ ಶಿಷ್ಯರಿಗೆ ಮೊದಲು ಕರಿಪಟ್ಟಿ ಕೊಟ್ಟದ್ದು 1924ರಲ್ಲಿ. ನಡುವಿನ ಹಳದಿ, ಕಿತ್ತಲೆ, ಹಸಿರು, ನೀಲಿ ಎಲ್ಲ ಆಮೇಲಿನ ಸೇರ್ಪಡೆ. ಮಕ್ಕಳಿಗೆ ಹುರುಪು ಬರಲಿ ಎಂದು ಬಣ್ಣ ಇಟ್ಟರೆ ತಕರಾರಿಲ್ಲ. ಆದರೆ ತಿಂಗಳ ಫೀಸು, ಬಟ್ಟೆ, ಬಣ್ಣ ಬಣ್ಣಕ್ಕೂ ಪರೀಕ್ಷೆ ಫೀಸು, ಸರ್ಟಿಫಿಕೇಟು, ಹೊರಊರಿನ ಪಂದ್ಯಾವಳಿ ಎಂದು ಲೆಕ್ಕ ಬೆಳೆಯುತ್ತಾ ಹೋಗುತ್ತೆ. ಒಂಬತ್ತು ವರ್ಷದ ಮಗು ಒಂದೂವರೆ ವರ್ಷಕ್ಕೆ ಕರಿಪಟ್ಟಿ ತಂದರೆ ಅದು ಕಲಿತದ್ದಲ್ಲ, ಕೊಂಡದ್ದು. ವರ್ಷದ ಒಟ್ಟು ಖರ್ಚು ಎಷ್ಟು ಎಂದು ಸೇರುವ ದಿನವೇ ಕೇಳಿ ಬರೆಸಿಕೊಳ್ಳಲು ವ್ಯಾಪಾರಸ್ಥರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಹಣ ಕಟ್ಟುವ ಮೊದಲು ಎರಡು ಮೂರು ದಿನ ಗೋಡೆ ಪಕ್ಕ ಕೂತು ಪಾಠ ನೋಡಬೇಕು. ನೋಡಲು ಬಿಡದ ಕಡೆ ಸೇರಬೇಕಾಗಿಲ್ಲ. ದೊಡ್ಡವನನ್ನು ಚಿಕ್ಕವನ ಮೇಲೆ ಬಿಡ್ತಾರಾ? ಪೆಟ್ಟಾದ ಮಗುವನ್ನು ಕೂರಿಸ್ತಾರಾ, ಅಥವಾ ‘ಗಂಡಸಾಗು’ ಎಂದು ಮತ್ತೆ ಎಬ್ಬಿಸ್ತಾರಾ? ಒಂದು ವರ್ಷ ಹಳಬರು ಎಷ್ಟು ಜನ ಉಳಿದಿದ್ದಾರೆ? ಎಳೆ ಮೂಳೆಯ ಮಕ್ಕಳ ಕೈಯಲ್ಲಿ ಹೆಂಚು ಒಡೆಸುವುದು ಶಾಲಾ ವಾರ್ಷಿಕೋತ್ಸವಕ್ಕೆ ಶೋಭೆ, ಬೆರಳಿಗೆ ಕೇಡು.

ಗರಡಿಯ ಗಿಡ್ಡ ಬಾಗಿಲು

ಇಷ್ಟೆಲ್ಲ ಹುಡುಕುವವರು ತಮ್ಮ ಮೊಹಲ್ಲಾದ ಗರಡಿ ಮನೆಯ ಮುಂದೆಯೇ ಹಾದುಹೋಗುತ್ತಾರೆ, ತಿರುಗಿ ನೋಡುವುದಿಲ್ಲ. ಅಲ್ಲಿ ಬಣ್ಣವಿಲ್ಲ, ಸರ್ಟಿಫಿಕೇಟಿಲ್ಲ. ತಲೆ ತಗ್ಗಿಸಿ ನುಗ್ಗುವ ಬಾಗಿಲು, ಆಂಜನೇಯನ ಪಟ, ತುಪ್ಪ, ಎಣ್ಣೆ, ಅರಿಶಿನ ಬೆರೆತ ಕೆಮ್ಮಣ್ಣಿನ ಮಟ್ಟಿ, ಮೂಲೆಯಲ್ಲಿ ಗದೆ. ಹುಡುಗನ ಹೆಗಲು, ಕತ್ತು, ಸೊಂಟ ನೋಡಿ ಇವನಿಗೆ ಯಾವ ಪಟ್ಟು ಎಂದು ಹೇಳುವ ಹಿರಿಯರು ಅಲ್ಲಿ ಇನ್ನೂ ಇದ್ದಾರೆ. ಅಳತೆ ನೋಡಿ ಅಂಗಿ ಹೊಲಿಯುವ ಹಾಗೆ.

ಹಾಗೆಂದು ಗರಡಿ ಎಲ್ಲರಿಗೂ ಅಲ್ಲ. ಬೆಳಗಿನ ಜಾವಕ್ಕೆ ಏಳಬೇಕು. ಹಾಲು, ಬಾದಾಮಿ, ತುಪ್ಪದ ಖರ್ಚು ಬಡವರಿಗೆ ಭಾರ. ನೌಕರಿ, ಪದಕದ ಆಸೆಯಿದ್ದವನಿಗೆ ಮಣ್ಣೊಂದೇ ಸಾಲದು, ಮ್ಯಾಟಿನ ಅಭ್ಯಾಸವೂ ಬೇಕು. ಮಣ್ಣಿನಲ್ಲಿ ಬೆಳೆದ ಖಾಶಾಬಾ ಜಾಧವ್ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆರನೆಯವರಾದರು; ಮ್ಯಾಟಿಗೆ ಒಗ್ಗಿಕೊಂಡ ಮೇಲೆ 1952ರ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ಹೆಣ್ಣುಮಕ್ಕಳ ಕುಸ್ತಿ 2004ರಲ್ಲೇ ಒಲಿಂಪಿಕ್ಸ್ ಸೇರಿತು, 2016ರಲ್ಲಿ ಸಾಕ್ಷಿ ಮಲಿಕ್ ಪದಕ ತಂದರು, ನಮ್ಮ ದಸರೆಯಲ್ಲೇ ‘ದಸರಾ ಕಿಶೋರಿ’ ಪ್ರಶಸ್ತಿ ಇದೆ. ಆದರೂ ಹಳೆಯ ಗರಡಿಗಳಲ್ಲಿ ಹುಡುಗಿಯರಿಗೆ ಪ್ರವೇಶ ಸಿಗುವುದು ಕಷ್ಟ. ಬಾಗಿಲು ಗಿಡ್ಡವಾಗಿರಲಿ, ಮುಚ್ಚಿರುವುದೇಕೆ?

ಹೊಸ ಹುಡುಗನಿಗೆ ಮೊದಲ ದಿನವೇ ಪಟ್ಟು ಹೇಳಿಕೊಡುವುದಿಲ್ಲ. ಕೈಗೆ ಸನಿಕೆ ಕೊಡುತ್ತಾರೆ, ಮಟ್ಟಿ ಅಗೆಯಬೇಕು. ಅಗೆಯುವವರಿಲ್ಲದ ಗರಡಿಯ ಮಣ್ಣು ಕೆಲವೇ ತಿಂಗಳಲ್ಲಿ ಕಲ್ಲಾಗುತ್ತದೆ. ನೋಡಬೇಕೆನ್ನುವವರು ಸೂರ್ಯ ಹುಟ್ಟುವ ಮುಂಚೆ ಹೋಗಬೇಕು. ನೋಡೋಕೆ ಯಾರೂ ಕಾಸು ಕೇಳೋದಿಲ್ಲ. ಚಪ್ಪಲಿ ಹೊರಗೆ ಬಿಡಬೇಕು, ಅಷ್ಟೆ.